"ಇಲ್ಲ" ಅಂದ ಕೂಡಲೇ ವಾಪಸ್ ಬರಬೇಡಿ

ಪ್ರಶ್ನೆ: ಹಾಸನದಲ್ಲಿ ಹನ್ನೆರಡು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಮಾರ್ಕೆಟ್ಟಿಗೆ ಹೋಗುವಾಗೆಲ್ಲ ಗ್ರಂಥಾಲಯದ ಮುಂದೆಯೇ ಹೋಗುತ್ತೇನೆ. ಒಂದೇ ಒಂದು ಸಲ ಒಳಗೆ ಹೋಗಿದ್ದೆ. ಬರೀ ಗಂಡಸರು ಪೇಪರ್ ಓದುತ್ತಾ ಕೂತಿದ್ದರು. ಒಂದು ಕಾದಂಬರಿ ಕೇಳಿದೆ. "ಇಲ್ಲ" ಅಂದರು, ಬಂದುಬಿಟ್ಟೆ. ಈಗ ಮಗಳು ಮೊದಲ ಪಿಯುಸಿ. ನಮ್ಮ ಜಿಲ್ಲೆಯ ಶಾಸನಗಳ ಬಗ್ಗೆ ಪ್ರಾಜೆಕ್ಟ್ ಬರೆಯಬೇಕಂತೆ, ಮೊಬೈಲಿನಲ್ಲಿ ಸಿಕ್ಕಿದ್ದನ್ನೇ ಇಳಿಸಿಕೊಳ್ಳುತ್ತಿದ್ದಾಳೆ. ಅತ್ತೆಗೆ ಓದುವುದೆಂದರೆ ಪ್ರಾಣ, ಆದರೆ ಈಗ ಕಣ್ಣು ಮಂಜಾಗಿದೆ. ಹಳ್ಳಿಯಲ್ಲಿರುವ ಮೈದುನನ ಮಗ ಏಳನೇ ಕ್ಲಾಸು. ನಮ್ಮಂಥ ಮನೆಗೆ ಸಾರ್ವಜನಿಕ ಗ್ರಂಥಾಲಯದಿಂದ ನಿಜವಾಗಿ ಏನು ಉಪಯೋಗ? ಬಾಡಿಗೆಗೆ ಇರುವವರು ಸದಸ್ಯರಾಗಬಹುದಾ?

ಉತ್ತರ: ಖಂಡಿತ ಆಗಬಹುದು. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು "ಇಲ್ಲ ಅಂದರು, ಬಂದುಬಿಟ್ಟೆ" ಅನ್ನುವ ಸಾಲು. ಮೂವತ್ತು ವರ್ಷಕ್ಕೂ ಮೇಲೆ ನಾನು ಕೌಂಟರಿನ ಆ ಕಡೆ ಕೂತವಳು. ಹಾಗೆ ಬಂದು ಹಾಗೇ ಹೋದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಆದ್ದರಿಂದ ಆ "ಇಲ್ಲ"ದ ಬಗ್ಗೆಯೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಅದಕ್ಕೂ ಮೊದಲು ನಿಮ್ಮ ಹಿಂಜರಿಕೆಯ ವಿಷಯ ಮುಗಿಸಿಬಿಡೋಣ.

ನಿಮ್ಮ ಮನೆ ಮಾಲೀಕರ ಹತ್ತಿರ ಕಂದಾಯದ ರಸೀದಿ ಇದ್ದರೆ ಒಮ್ಮೆ ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ತೆರಿಗೆ ಒಂದು ಸಾವಿರ ಬಂದರೆ 60 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತದೆ. ಕಟ್ಟುವವರು ಮಾಲೀಕರು, ಆದರೆ ಅವರ ಕೈಗೆ ಆ ದುಡ್ಡು ಬರುವುದು ನಿಮ್ಮ ಬಾಡಿಗೆಯಿಂದ ತಾನೇ? ಈ ಕರ ಇವತ್ತು ನಿನ್ನೆಯದಲ್ಲ. 1965ರಲ್ಲಿ ಆಗಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಮಾಡಿತು. ಮರುವರ್ಷ ಅದು ಜಾರಿಗೆ ಬಂತು, ಗ್ರಂಥಾಲಯಕ್ಕೇ ಒಂದು ಇಲಾಖೆಯಾಯಿತು. ಜಿಲ್ಲೆಗೊಂದು ಕೇಂದ್ರ ಗ್ರಂಥಾಲಯ, ದೊಡ್ಡ ಊರಿಗೊಂದು ನಗರ ಕೇಂದ್ರ ಗ್ರಂಥಾಲಯ, ಅದರ ಕೆಳಗೆ ಶಾಖೆಗಳು, ಇವೆಲ್ಲ ಬೆಳೆದದ್ದು ಆ ಕಾಯ್ದೆಯಿಂದ. ಯಾರದೋ ಜಾಗಕ್ಕೆ ಹೋಗಿ ಬೇಡುತ್ತಿದ್ದೇನೆ ಅನ್ನುವ ಭಾವನೆ ನಿಮಗೆ ಬೇಡ. ಹನ್ನೆರಡು ವರ್ಷದಿಂದ ನೀವೂ ಅದಕ್ಕೆ ದುಡ್ಡು ಹಾಕುತ್ತಿದ್ದೀರಿ.

ಗಂಡಸರು ಪೇಪರ್ ಓದುತ್ತಾ ಕೂತಿದ್ದರು ಅಂದಿರಿ. ನೀವು ನೋಡಿದ್ದು ಪತ್ರಿಕಾ ವಿಭಾಗ. ಹೆಚ್ಚಿನ ಕಡೆ ಅದು ಬಾಗಿಲಿಗೆ ಹತ್ತಿರ ಇರುತ್ತದೆ, ಅದಕ್ಕೇ ಹೊಸಬರಿಗೆ ಇಡೀ ಗ್ರಂಥಾಲಯ ಅಂದರೆ ಅಷ್ಟೇ ಅನ್ನಿಸುತ್ತದೆ. ಅದನ್ನು ದಾಟಿ ಒಳಗೆ ಹೋಗಿ. ಪುಸ್ತಕ ಮನೆಗೆ ಕೊಡುವ ವಿಭಾಗ, ಅಲ್ಲೇ ಕೂತು ನೋಡಬೇಕಾದ ಪರಾಮರ್ಶನ ವಿಭಾಗ, ಮಕ್ಕಳ ವಿಭಾಗ ಬೇರೆ ಬೇರೆ ಇರುತ್ತವೆ. ಎಷ್ಟೋ ಕಡೆ ಹೆಂಗಸರಿಗೆ ಪ್ರತ್ಯೇಕ ಜಾಗ ಇದೆ, ಕೇಳಿದರೆ ತೋರಿಸುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಖೆಯಲ್ಲಿ ಸಿಬ್ಬಂದಿ, ಓದುಗರು ಎಲ್ಲ ಸೇರಿ ನಾನೊಬ್ಬಳೇ ಹೆಂಗಸು. ಒಂದು ದಿನ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದು ಕೂತರು. ಮುಂದಿನ ವಾರ ಅವರ ಬೀದಿಯಿಂದ ಇನ್ನಿಬ್ಬರು ಬಂದರು. ಮೊದಲು ಹೋಗುವವರಿಗೆ ಮಾತ್ರ ಕಷ್ಟ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಪೇಪರ್ ಓದುವವರ ಗಲಾಟೆ ಕಡಿಮೆಯಾಗಿರುತ್ತದೆ, ಸಿಬ್ಬಂದಿಗೂ ನಿಮ್ಮ ಜೊತೆ ಮಾತಾಡಲು ಬಿಡುವು ಇರುತ್ತದೆ. ಸುಮ್ನೆ ಕೂತು ಓದಲು ಸದಸ್ಯತ್ವ ಬೇಕಿಲ್ಲ. ಬಾಗಿಲಲ್ಲಿರುವ ಪುಸ್ತಕದಲ್ಲಿ ಹೆಸರು ಬರೆದು ಸಹಿ ಹಾಕಿದರೆ ಸಾಕು. ರಜೆ ಮಾತ್ರ ನೆನಪಿಡಿ. ಭಾನುವಾರ ತೆರೆದಿರುತ್ತದೆ, ಸೋಮವಾರ ಮುಚ್ಚಿರುತ್ತದೆ. ಭಾನುವಾರ ಹೇಗೂ ಇರಲ್ಲ ಅಂದುಕೊಂಡು ಎಷ್ಟೋ ಮನೆಯವರು ಆ ಕಡೆ ತಲೆಯನ್ನೇ ಹಾಕುವುದಿಲ್ಲ.

ಸದಸ್ಯತ್ವಕ್ಕೆ ಒಂದು ಅರ್ಜಿ, ಫೋಟೋ, ವಿಳಾಸದ ದಾಖಲೆ ಬೇಕು. ಆಧಾರ್‌ನಲ್ಲಿ ಹಳೇ ಊರಿನ ವಿಳಾಸ ಇದ್ದರೆ ಬಾಡಿಗೆ ಕರಾರು ಪತ್ರ ಅಥವಾ ನಿಮ್ಮ ಹೆಸರಿಗೆ ಬರುವ ಗ್ಯಾಸ್ ಬಿಲ್ ತಗೊಂಡು ಹೋಗಿ. ಕೆಲವು ಕಡೆ ಅರ್ಜಿಯಲ್ಲಿ ಪರಿಚಯಸ್ಥರ ಅಥವಾ ಅಧಿಕಾರಿಯ ಸಹಿ ಕೇಳುತ್ತಾರೆ. ಮಗಳ ಕಾಲೇಜಿನ ಪ್ರಿನ್ಸಿಪಾಲರ ಸಹಿ ನಡೆಯುತ್ತದಾ ಅಂತ ಅಲ್ಲೇ ವಿಚಾರಿಸಿ. ಜೊತೆಗೆ ಸ್ವಲ್ಪ ಠೇವಣಿ ಕಟ್ಟಬೇಕು. ಅದು ಶುಲ್ಕ ಅಲ್ಲ. ಊರು ಬಿಡುವಾಗ ಪುಸ್ತಕ, ಟಿಕೆಟ್ (ಪುಸ್ತಕ ತಗೊಳ್ಳಲು ಸದಸ್ಯರಿಗೆ ಕೊಡುವ ಕಾರ್ಡ್) ಎಲ್ಲ ಒಪ್ಪಿಸಿದರೆ ವಾಪಸ್ ಕೊಡುತ್ತಾರೆ. ಠೇವಣಿಯ ರಸೀದಿಯನ್ನು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಜೋಪಾನವಾಗಿಡಿ. ಹತ್ತು ವರ್ಷ ಆದಮೇಲೆ ರಸೀದಿ ಕಳೆದುಕೊಂಡು ಬಂದು ಪೇಚಾಡಿದವರು ಬಹಳ ಜನ. ಮಗಳ ಹೆಸರಿಗೂ, ಅತ್ತೆಯವರ ಹೆಸರಿಗೂ ಬೇರೆ ಬೇರೆ ಸದಸ್ಯತ್ವ ಮಾಡಿಸಿ. ಒಂದು ಟಿಕೆಟ್ಟಿಗೆ ಒಂದು ಪುಸ್ತಕ. ಮೂರು ಜನ ಸದಸ್ಯರಾದರೆ ಮನೆಗೆ ಬರುವ ಪುಸ್ತಕವೂ ಜಾಸ್ತಿ.

ಈಗ ಆ "ಇಲ್ಲ"ಕ್ಕೆ ಬರುತ್ತೇನೆ.

ಕೌಂಟರಿನಲ್ಲಿ "ಇಲ್ಲ" ಅಂದರೆ ಅದಕ್ಕೆ ಕಡಿಮೆ ಅಂದರೂ ಐದು ಅರ್ಥ ಇರುತ್ತದೆ. ಆ ಪುಸ್ತಕ ಈ ಗ್ರಂಥಾಲಯಕ್ಕೆ ಬಂದೇ ಇಲ್ಲದಿರಬಹುದು. ಬಂದಿದೆ, ಆದರೆ ಈಗ ಇನ್ನೊಬ್ಬರ ಮನೆಯಲ್ಲಿರಬಹುದು. ಒಳಗೇ ಇದ್ದು ತಪ್ಪು ಕಪಾಟಿನಲ್ಲಿ ಸೇರಿಕೊಂಡಿರಬಹುದು. ಹರಿದು ಬೈಂಡಿಂಗಿಗೆ ಹೋಗಿರಬಹುದು, ಇಲ್ಲವೇ ಹೊಸದಾಗಿ ಬಂದು ಇನ್ನೂ ನಂಬರ್ ಹಾಕದೆ ಬಂಡಲಿನಲ್ಲೇ ಇರಬಹುದು. ಕೊನೆಯದು, ಇಲ್ಲಿ ಇಲ್ಲ, ಆದರೆ ಅದೇ ಊರಿನ ಇನ್ನೊಂದು ಶಾಖೆಯಲ್ಲಿದೆ. ನಿಮಗೆ ಕೇಳಿಸುವುದು ಒಂದೇ ಮಾತು, ಆದರೆ ಐದಕ್ಕೂ ದಾರಿ ಬೇರೆ. ಆದ್ದರಿಂದ ಇನ್ನೊಂದು ಪ್ರಶ್ನೆ ಕೇಳಲೇಬೇಕು: "ಬಂದೇ ಇಲ್ವಾ, ಅಥವಾ ಯಾರಾದರೂ ತಗೊಂಡು ಹೋಗಿದ್ದಾರಾ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಅವರಿಗೆ ದಾರಿ ಇದೆ. ಕಂಪ್ಯೂಟರ್ ಇರುವ ಕಡೆ ಹೆಸರು ಹೊಡೆದು ನೋಡುತ್ತಾರೆ. ಹಳೇ ಪದ್ಧತಿ ಇರುವ ಕಡೆ ಪ್ರತಿ ಪುಸ್ತಕದ ರಟ್ಟಿನ ಒಳಗೆ ಒಂದು ಕಾಗದದ ಜೇಬು ಅಂಟಿಸಿರುತ್ತಾರೆ. ಅದರಲ್ಲಿ ಆ ಪುಸ್ತಕದ ಕಾರ್ಡ್. ನೀವು ಪುಸ್ತಕ ತಗೊಂಡಾಗ ಆ ಕಾರ್ಡನ್ನು ತೆಗೆದು ನಿಮ್ಮ ಟಿಕೆಟ್ಟಿನ ಜೇಬಿಗೆ ಹಾಕಿ, ತಾರೀಕಿನ ಪ್ರಕಾರ ಟ್ರೇಯಲ್ಲಿ ಜೋಡಿಸುತ್ತಾರೆ. ಪುಸ್ತಕ ನಿಮ್ಮ ಮನೆಯಲ್ಲಿರುವಷ್ಟು ದಿನ ಅದರ ಕಾರ್ಡೂ ನಿಮ್ಮ ಟಿಕೆಟ್ಟೂ ಆ ಟ್ರೇಯಲ್ಲಿ ಒಟ್ಟಿಗೆ ಇರುತ್ತವೆ. ಹಾಗಾಗಿ ಪುಸ್ತಕ ಯಾರ ಹತ್ತಿರ ಇದೆ, ಯಾವತ್ತು ಬರಬೇಕು ಅನ್ನುವುದು ಗೊತ್ತಾಗುತ್ತದೆ. ಸಾಮಾನ್ಯವಾಗಿ 15 ದಿನದ ಗಡುವು. "ಬಂದ ಮೇಲೆ ನನಗೆ ತೆಗೆದಿಡಿ" ಅಂತ ಹೆಸರು, ಫೋನ್ ನಂಬರ್ ಕೊಟ್ಟು ಬನ್ನಿ. ಪುಸ್ತಕದ ಹಿಂದೆ ಅಂಟಿಸಿದ ತಾರೀಕಿನ ಚೀಟಿಯನ್ನೂ ನೋಡುತ್ತಿರಿ. ಮುದ್ರೆ ಮೇಲೆ ಮುದ್ರೆ ಬಿದ್ದಿದ್ದರೆ ನಿಮ್ಮೂರಿನ ಜನ ಅದನ್ನು ಓದುತ್ತಿದ್ದಾರೆ ಅಂತ. ಏನು ಓದಬೇಕು ಗೊತ್ತಾಗದ ದಿನ ನಾನೇ ಆ ಚೀಟಿ ನೋಡಿ ಪುಸ್ತಕ ಆರಿಸಿಕೊಳ್ಳುತ್ತಿದ್ದೆ.

ತಪ್ಪು ಕಪಾಟಿನ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಬಹಳ ವರ್ಷದ ಹಿಂದಿನ ಮಾತು. ಒಂದು ತಾಲೂಕು ಕೇಂದ್ರದ ಶಾಖೆಯಲ್ಲಿದ್ದೆ. ಸಂತೆಗೆ ಬಂದ ಒಬ್ಬ ಹುಡುಗ ಅಣಬೆ ಬೇಸಾಯದ ಪುಸ್ತಕ ಕೇಳಿದ. ಕೃಷಿಯ ಸಾಲಿನಲ್ಲಿ ಒಮ್ಮೆ ಕಣ್ಣಾಡಿಸಿ ಇಲ್ಲಪ್ಪ ಅಂದೆ. ಮುಂದಿನ ತಿಂಗಳು ಪುಸ್ತಕಗಳ ಎಣಿಕೆ ಮಾಡುವಾಗ ಅದು ಅಡುಗೆ ಪುಸ್ತಕಗಳ ನಡುವೆ ಸಿಕ್ಕಿತು. ಅಣಬೆ ಅನ್ನುವ ಹೆಸರು ನೋಡಿ ಯಾರೋ ಅಲ್ಲಿ ಸೇರಿಸಿದ್ದರು. ಹುಡುಗ ಸದಸ್ಯ ಅಲ್ಲ, ಊರು ಹೆಸರು ಏನೂ ನನ್ನ ಹತ್ತಿರ ಇರಲಿಲ್ಲ. ಎಷ್ಟೋ ಸಂತೆಯ ದಿನ ಆ ಪುಸ್ತಕವನ್ನು ಕೌಂಟರಿನ ಮೇಲೇ ಇಟ್ಟುಕೊಂಡು ಕೂತೆ. ಅವನು ಮತ್ತೆ ಬರಲಿಲ್ಲ. ಅವತ್ತಿನಿಂದ ಯಾರೇ ಏನು ಕೇಳಿದರೂ ಇಲ್ಲ ಅನ್ನುವ ಮೊದಲು ಹೆಸರು, ಫೋನ್ ನಂಬರ್ ಬರೆದುಕೊಳ್ಳುತ್ತಿದ್ದೆ. ಎಲ್ಲರೂ ಹಾಗೆ ಬರೆದುಕೊಳ್ಳುವುದಿಲ್ಲ, ಅದಕ್ಕೇ ನೀವೇ ಬರೆಸಿ ಬನ್ನಿ.

ಕೇಳುವ ರೀತಿಯೂ ಮುಖ್ಯ. ಒಂದೇ ಪುಸ್ತಕದ ಹೆಸರು ಹೇಳಿದರೆ ಹೌದು ಅಥವಾ ಇಲ್ಲ ಅನ್ನುವ ಎರಡೇ ಉತ್ತರ ಬರುತ್ತದೆ. ಯಾಕೆ ಬೇಕು ಅಂತ ಹೇಳಿದರೆ ಮಾತು ಬೆಳೆಯುತ್ತದೆ. "ಅತ್ತೆಗೆ ಹಳೇ ಕಾಲದ ಕೌಟುಂಬಿಕ ಕಾದಂಬರಿ ಇಷ್ಟ, ದೊಡ್ಡ ಅಕ್ಷರದ್ದು ಯಾವುದಾದರೂ ಇದೆಯಾ?" ಅಂತ ಕೇಳಿ ನೋಡಿ. ಗ್ರಂಥಾಲಯ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು 1931ರಲ್ಲಿ ಹೇಳಿದ ಐದು ಸೂತ್ರಗಳನ್ನು ಈ ಕೆಲಸಕ್ಕೆ ಓದುವ ಪ್ರತಿಯೊಬ್ಬರೂ ಬಾಯಿಪಾಠ ಮಾಡಿರುತ್ತಾರೆ. ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನುವುದು. ಹುಡುಕಿಕೊಡುವುದು ಗ್ರಂಥಪಾಲಕರ ಕೆಲಸದ ತಿರುಳು. ನೀವು ಕೇಳಿದರೆ ಅವರಿಗೆ ತೊಂದರೆ ಕೊಟ್ಟಂತೆ ಅಲ್ಲವೇ ಅಲ್ಲ.

ಪುಸ್ತಕ ನಿಜವಾಗಿಯೂ ಬಂದೇ ಇಲ್ಲದಿದ್ದರೆ, ಬೇಡಿಕೆ ಬರೆಯುವ ರಿಜಿಸ್ಟರ್ ಕೇಳಿ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ನಿಮ್ಮ ಸದಸ್ಯತ್ವದ ನಂಬರ್ ಬರೆಯಿರಿ. ರಿಜಿಸ್ಟರ್ ಇಲ್ಲ ಅಂದರೆ ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಗ್ರಂಥಾಲಯಕ್ಕೆ ಪುಸ್ತಕ ಬರುವ ದಾರಿ ಒಂದೇ ಅಲ್ಲ. ಇಲಾಖೆ ರಾಜ್ಯಮಟ್ಟದಲ್ಲಿ ಆರಿಸಿ ಸಗಟಾಗಿ ಕೊಳ್ಳುವುದು ಒಂದು. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನಿಂದ ಬರುವುದು ಇನ್ನೊಂದು. ಆಯಾ ಜಿಲ್ಲೆ, ನಗರದ ಗ್ರಂಥಾಲಯ ಪ್ರಾಧಿಕಾರ ತನ್ನ ಹಣದಲ್ಲಿ ಕೊಳ್ಳುವುದು ಮತ್ತೊಂದು. ಈ ಮೂರನೆಯದರಲ್ಲಿ ಊರಿನವರ ಮಾತಿಗೆ ಬೆಲೆ ಇದೆ. ಪಟ್ಟಿ ಮಾಡಲು ಕೂತಾಗ ನಮ್ಮ ಮುಂದೆ ಓದುಗರ ಬೇಡಿಕೆ ಕಾಗದದಲ್ಲಿ ಇದ್ದರೆ ಅದನ್ನು ಮೊದಲು ಸೇರಿಸುತ್ತಿದ್ದೆವು. ಎಷ್ಟೋ ವರ್ಷ ಆ ರಿಜಿಸ್ಟರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಬರೆದದ್ದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಮನೆಯಲ್ಲಿರುವ ಹೆಂಗಸರಿಗೆ ಏನು ಬೇಕು ಅಂತ ನಮಗೆ ಹೇಗೆ ಗೊತ್ತಾಗಬೇಕು, ಹೇಳಿ? ಅದಕ್ಕೇ ನೀವು ಬರೆಯುವ ಎರಡು ಸಾಲು ನಿಮ್ಮೊಬ್ಬರಿಗಾಗಿ ಮಾತ್ರ ಅಲ್ಲ.

ಮಗಳ ಪ್ರಾಜೆಕ್ಟ್ ವಿಷಯ ಓದಿ ಬಹಳ ಖುಷಿಯಾಯಿತು. ಶಾಸನಗಳ ವಿಷಯದಲ್ಲಿ ಹಾಸನದಷ್ಟು ಶ್ರೀಮಂತ ಜಿಲ್ಲೆ ಕಡಿಮೆ. ಅವಳನ್ನು ನೇರವಾಗಿ ಪರಾಮರ್ಶನ ವಿಭಾಗಕ್ಕೆ ಕರೆದುಕೊಂಡು ಹೋಗಿ, "ಎಪಿಗ್ರಾಫಿಯಾ ಕರ್ನಾಟಿಕಾ, ಹಾಸನ ಜಿಲ್ಲೆಯ ಸಂಪುಟ" ಅಂತ ಕೇಳಿ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ಓದಿಸಿ, ಜಿಲ್ಲೆವಾರು ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಾಸನದ್ದು ಐದನೇ ಸಂಪುಟ, 1902ರಲ್ಲಿ ಬಂತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿದ ಸಂಪುಟಗಳನ್ನು ತಂದಿತು. ಅವು ಸಿಕ್ಕರೆ ಇನ್ನೂ ಒಳ್ಳೆಯದು. ಇದರಲ್ಲಿ ಶಾಸನಗಳನ್ನು ತಾಲೂಕುವಾರು ನಂಬರ್ ಹಾಕಿ ಜೋಡಿಸಿದ್ದಾರೆ. ನಿಮ್ಮ ಮೈದುನರ ಹಳ್ಳಿ ಯಾವ ತಾಲೂಕಿನದೋ ಆ ಭಾಗ ತೆಗೆದು ಊರಿನ ಹೆಸರು ಹುಡುಕಲಿ. ತಮ್ಮ ಊರಿನ ಕಲ್ಲು ಅಚ್ಚಾದ ಪುಸ್ತಕದಲ್ಲಿ ಸಿಕ್ಕಾಗ ಮಕ್ಕಳ ಮುಖ ನೋಡಬೇಕು! ಅಂಥದ್ದನ್ನು ಮೊಬೈಲಿನಿಂದ ಇಳಿಸಿಕೊಂಡ ಪ್ಯಾರಾ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಬೇಲೂರು ತಾಲೂಕಿನ ಹಲ್ಮಿಡಿ ಶಾಸನವನ್ನು ರೈಸ್ ಅವರ ಸಂಪುಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ, 1936ರಲ್ಲಿ. ಅದಕ್ಕೆ ಆ ವರ್ಷದ ಪುರಾತತ್ವ ಇಲಾಖೆಯ ವರದಿ ನೋಡಬೇಕು. ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಶಾಸನವೇ ಇಲ್ಲ ಅಂತಲ್ಲ, ಆ ಪುಸ್ತಕ ಯಾವ ವರ್ಷದ್ದು ಅಂತ ನೋಡುವುದನ್ನು ಅವಳು ಈಗಲೇ ಕಲಿಯಲಿ. ಜೊತೆಗೆ ಹಾಸನ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ತಂದ ಮಾಹಿತಿ ಗ್ರಂಥ), ಕನ್ನಡ ವಿಶ್ವಕೋಶ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಕೇಳಲಿ. ಶಾಸನದ ಹಳಗನ್ನಡ ಪದಗಳಿಗೆ ಆ ನಿಘಂಟು ಬೇಕೇ ಬೇಕು. ಇವನ್ನೆಲ್ಲ ಮನೆಗೆ ಕೊಡುವುದಿಲ್ಲ, ನೋಟ್‌ಬುಕ್ ತಗೊಂಡು ಹೋಗಲಿ. ಫೋಟೋ ತೆಗೆಯುವುದಾದರೆ ಮೊದಲು ಕೇಳಿ ತೆಗೆಯಲಿ. ಯಾವ ಪುಸ್ತಕ, ಯಾವ ಪುಟ ಅಂತ ಬರೆದುಕೊಳ್ಳದೆ ಎದ್ದು ಬರಬಾರದು. ರೈಸ್ ಸಂಪುಟ ಅಲ್ಲಿ ಇಲ್ಲದೇ ಹೋದರೆ ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲಿ ಅದರ ಸ್ಕ್ಯಾನ್ ಪುಕ್ಕಟೆ ಇದೆ. ಆದರೆ ಮೊದಲು ಗ್ರಂಥಾಲಯದಲ್ಲೇ ಕೇಳಿ ಅನ್ನುತ್ತೇನೆ, ಯಾಕೆಂದರೆ ಪಕ್ಕದ ಕಪಾಟಿನಲ್ಲಿ ಅವಳು ಕೇಳದೇ ಇರುವ ಪುಸ್ತಕವೂ ಕಣ್ಣಿಗೆ ಬೀಳುತ್ತದೆ.

ಮುಂದೆ ಎಂದಾದರೂ ಎಲ್ಲೂ ಸಿಗದ ಹಳೇ ಕನ್ನಡ ಪುಸ್ತಕ ಬೇಕಾದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ನೆನಪಿಡಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ 1915ರಲ್ಲಿ ಕಟ್ಟಿದ್ದು, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಕರ್ನಾಟಕದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಯನ್ನು ಪ್ರಕಾಶಕರು ಅಲ್ಲಿಗೆ ಕಳಿಸಬೇಕು ಅಂತ ಕಾಯ್ದೆಯೇ ಇದೆ. ಅಂಗಡಿಯಲ್ಲಿ ಮುಗಿದುಹೋದ ಪುಸ್ತಕ ಅಲ್ಲಿ ಕೂತು ಓದಲು ಸಿಗುವ ಸಾಧ್ಯತೆ ಜಾಸ್ತಿ.

ಅತ್ತೆಯವರ ವಿಷಯ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಪೊರೆ ಇದ್ದರೆ ಆಪರೇಷನ್ ಆದಮೇಲೆ ಮತ್ತೆ ಓದಲು ಸಾಧ್ಯವಾದವರನ್ನು ನಾನು ಬೇಕಾದಷ್ಟು ಜನರನ್ನು ನೋಡಿದ್ದೇನೆ. ಅಲ್ಲಿಯವರೆಗೆ ಮಕ್ಕಳ ವಿಭಾಗದಿಂದ ಪುಸ್ತಕ ತನ್ನಿ. ಅಲ್ಲಿನ ಅಕ್ಷರ ದೊಡ್ಡದು, ಸಾಲಿನ ನಡುವೆ ಜಾಗ ಜಾಸ್ತಿ. ಪುರಾಣದ ಕಥೆ, ಜಾನಪದ ಕಥೆ, ದೊಡ್ಡವರ ಜೀವನಚರಿತ್ರೆ ಎಲ್ಲ ಅಲ್ಲಿರುತ್ತವೆ. ಮಕ್ಕಳ ಪುಸ್ತಕ ಅಂತ ಅವರು ಬೇಜಾರು ಮಾಡಿಕೊಂಡರೆ ಮೈದುನನ ಮಗನಿಗೆ ಹೇಳಲು ಕಥೆ ಆರಿಸಿಕೊಡಿ ಅಂತ ಕೇಳಿ. ಇನ್ನೊಂದು ದಾರಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ. ಇಲಾಖೆ 2020ರಲ್ಲಿ ಶುರು ಮಾಡಿದ್ದು. ಇ-ಸಾರ್ವಜನಿಕ ಗ್ರಂಥಾಲಯ ಅನ್ನುವ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು, ದುಡ್ಡು ಕೊಡಬೇಕಿಲ್ಲ. ನಿಜ ಹೇಳಬೇಕೆಂದರೆ, ಸ್ಕ್ಯಾನ್ ಮಾಡಿದ ಪುಟಗಳನ್ನು ಸಣ್ಣ ಮೊಬೈಲಿನಲ್ಲಿ ಹಿಗ್ಗಿಸಿ ಓದುವುದು ವಯಸ್ಸಾದವರಿಗೆ ಹಿಂಸೆ. ಮನೆಯಲ್ಲಿ ಟ್ಯಾಬ್ ಇದ್ದರೆ ಮಾತ್ರ ಪ್ರಯತ್ನಿಸಿ. ಎಲ್ಲಕ್ಕಿಂತ ಒಳ್ಳೆಯದು ರಾತ್ರಿ ಊಟ ಆದಮೇಲೆ ಮಗಳು ಅಜ್ಜಿಗೆ ದಿನಕ್ಕೆ ಒಂದು ಅಧ್ಯಾಯ ಓದಿ ಹೇಳುವುದು. ಅವರ ಹೆಸರಿನ ಟಿಕೆಟ್ಟಿಗೆ ಅವರಿಗೇ ಬೇಕಾದ ಪುಸ್ತಕ ಬರಲಿ, ಆರಿಸುವ ಹಕ್ಕು ಅವರದೇ ಇರಲಿ.

ಹಳ್ಳಿಯ ಹುಡುಗನಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. 2019ರಿಂದ ಅವು ಪಂಚಾಯತ್ ರಾಜ್ ಇಲಾಖೆಯ ಕೈಯಲ್ಲಿವೆ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರುತ್ತಾರೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಬಾಗಿಲು ಯಾವಾಗಲೂ ಹಾಕಿರುತ್ತದೆ ಅನ್ನುವ ದೂರಿದ್ದರೆ ನಿಮ್ಮ ಮೈದುನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ, ಮೇಲ್ವಿಚಾರಕರು ಇರುವ ಸಮಯ ಕೇಳಿ ಬರಲಿ. ಗ್ರಾಮ ಸಭೆಯಲ್ಲೂ ಕೇಳಬಹುದು.

ಪಟ್ಟಣದಲ್ಲೂ ಯಾರಾದರೂ ಮುಖ ಕೊಟ್ಟು ಮಾತಾಡದೇ ಇದ್ದರೆ, ಒಳಗೆ ಕೂತಿರುವ ಮುಖ್ಯ ಗ್ರಂಥಾಲಯಾಧಿಕಾರಿಯವರನ್ನು ನೋಡಿ. ಕೂಗಾಡಬೇಕಿಲ್ಲ. ಎಷ್ಟೋ ಕಡೆ ಮೂವರು ಮಾಡುವ ಕೆಲಸಕ್ಕೆ ಒಬ್ಬರೇ ಇರುತ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಅದಕ್ಕೆಂದು ನೀವು ಬರಿಗೈಯಲ್ಲಿ ವಾಪಸ್ ಬರಬೇಕಿಲ್ಲ.

ಈ ಬುಧವಾರ ಹನ್ನೊಂದು ಗಂಟೆಗೆ ಹೋಗಿ ಅರ್ಜಿ ತನ್ನಿ. ಮೂರು ಅರ್ಜಿ ಕೇಳಿ. ತುಂಬಿಸಿಕೊಂಡು ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಿ. ಅಂದು ನೀವು ಕೇಳಿದ ಕಾದಂಬರಿಯ ಹೆಸರನ್ನು ಪತ್ರದಲ್ಲಿ ಬರೆದಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಇನ್ನೊಂದು ಸಲ ಕೇಳಿ.